ತೆಗೀರಿ ಎಂದರೆ

ನನ್ನ ಕೆಲಸ ಏನೆಂದು ಮನೆಯವರಿಗೆ ಅರ್ಥ ಮಾಡಿಸಲು ನನಗೆ ಇವತ್ತಿನವರೆಗೆ ಆಗಿಲ್ಲ. ದಾವಣಗೆರೆಯ ಚಿಕ್ಕಮ್ಮ ಫೋನು ಮಾಡಿದಾಗಲೆಲ್ಲ, “ಅದೇ ಕಂಪ್ಯೂಟರ್ ರಿಪೇರಿ ಕೆಲ್ಸ ಅಲ್ಲೇನೇ ನಿಂದು?” ಎಂದು ಕೇಳುತ್ತಾಳೆ. ಮೊದಮೊದಲು ತಿದ್ದುತ್ತಿದ್ದೆ. ಈಗ ಹೂಂ ಎಂದು ಮಾತು ಬದಲಿಸುತ್ತೇನೆ.

ಎಲೆಕ್ಟ್ರಾನಿಕ್ ಸಿಟಿಯ ಆಚೆ ತುದಿಯಲ್ಲಿ, ವಿದ್ಯುತ್ ಪ್ಯಾನೆಲ್‌ಗಳನ್ನು ತಯಾರಿಸುವ ಒಂದು ಕಾರ್ಖಾನೆ ನಮ್ಮದು. ಖರೀದಿ, ಸ್ಟೋರ್ಸು, ತಯಾರಿ, ಡಿಸ್ಪ್ಯಾಚು, ಲೆಕ್ಕಪತ್ರ ಎಲ್ಲ ಒಂದೇ ಸಾಫ್ಟ್‌ವೇರಿನಲ್ಲಿ ನಡೆಯುತ್ತದೆ. ಅದರೊಳಗೆ ಯಾರು ಏನನ್ನು ನೋಡಬಹುದು, ಯಾರು ಯಾವ ಗುಂಡಿ ಒತ್ತಬಹುದು ಎಂದು ಹಂಚಿಕೊಡುವವಳು ನಾನು. ಹೊಸಬರು ಸೇರಿದರೆ ಅವರಿಗೊಂದು ಲಾಗಿನ್ ಕೊಡಬೇಕು. ಒಂದು ವಿಭಾಗದಿಂದ ಇನ್ನೊಂದಕ್ಕೆ ಹೋದವರಿಂದ ಹಳೆಯ ಹಕ್ಕನ್ನು ವಾಪಸ್ ತೆಗೆದುಕೊಂಡು ಹೊಸದನ್ನು ಕೊಡಬೇಕು. ಬಿಟ್ಟುಹೋದವರದ್ದನ್ನು ಮುಚ್ಚಬೇಕು. ಬಿಲ್ಲು ಬರೆಯುವವರೇ ಆ ಬಿಲ್ಲಿಗೆ ಒಪ್ಪಿಗೆ ಕೊಡದ ಹಾಗೆ ನೋಡಿಕೊಳ್ಳಬೇಕು; ಇಲ್ಲದಿದ್ದರೆ ಅಡಿಗೆ ಮಾಡಿದವರೇ ಅಡಿಗೆಗೆ ಮಾರ್ಕು ಹಾಕಿಕೊಂಡ ಹಾಗಾಗುತ್ತದೆ. ಹೇಳಿದರೆ ಇಷ್ಟೇ. ಆದರೆ ಈ ಇಷ್ಟರಲ್ಲೇ ನಾನು ಕಾರ್ಖಾನೆಯ ಅರ್ಧ ಜನರ ಜೊತೆ ಜಗಳವಾಡಿದ್ದೇನೆ. ಕೊಟ್ಟಾಗ ಯಾರೂ ಥ್ಯಾಂಕ್ಸ್ ಹೇಳುವುದಿಲ್ಲ, ಕೊಡದಿದ್ದಾಗ ಯಾರೂ ಮರೆಯುವುದಿಲ್ಲ. ದೊಡ್ಡ ಹುದ್ದೆಯವರಂತೂ ತಮಗೆ ಬೇಕೋ ಬೇಡವೋ ನೋಡದೆ, “ನನಗೆ ಎಲ್ಲಾ ಕೊಟ್ಬಿಡಿ ಮೇಡಂ, ಯಾವುದಕ್ಕೂ ಇರ್ಲಿ” ಎನ್ನುತ್ತಾರೆ. ಮದುವೆ ಊಟಕ್ಕೆ ಕೂತ ಹಾಗೆ.

ಹಿಂದೆ ಲಾಗಿನ್ ಬೇರೆ, ಗೇಟಿನ ಕಾರ್ಡು ಬೇರೆ, ಕ್ಯಾಂಟೀನಿನ ಕೂಪನ್ ಬೇರೆ ಇತ್ತು. ಕೆಲಸ ಬಿಟ್ಟು ಹೋದ ಒಬ್ಬರು ತಿಂಗಳುಗಟ್ಟಲೆ ನಮ್ಮ ಕ್ಯಾಂಟೀನಿನಲ್ಲಿ ಊಟ ಮಾಡುತ್ತಿದ್ದದ್ದು ಗೊತ್ತಾದ ಮೇಲೆ, ಎಲ್ಲವನ್ನೂ ಒಂದಕ್ಕೊಂದು ಜೋಡಿಸೋಣ ಎಂದು ಪಟ್ಟು ಹಿಡಿದವಳು ನಾನೇ. ಅಂದಿನಿಂದ ನನ್ನ ಪರದೆಯ ಮೇಲೆ ಒಂದು ಗುಂಡಿ ಒತ್ತಿದರೆ ಆ ಮನುಷ್ಯನ ಲಾಗಿನ್ ಮುಚ್ಚುತ್ತದೆ, ಗೇಟಿನಲ್ಲಿ ಕಾರ್ಡು ಕೆಂಪಾಗುತ್ತದೆ, ಕೂಪನ್ ನಿಲ್ಲುತ್ತದೆ. ಆ ವ್ಯವಸ್ಥೆಯ ಬಗ್ಗೆ ನನಗೆ ಹೆಮ್ಮೆಯಿತ್ತು. ಈಗಲೂ ಇದೆ ಎಂದರೆ ಸುಳ್ಳಲ್ಲ.

ಇನ್ನು ನಮ್ಮ ಪ್ಲಾಂಟ್ ಮ್ಯಾನೇಜರ ವಿಷಯ. ಆನೇಕಲ್ ಕಡೆಯವರು, ಮಿಷಿನ್ನಿನ ಮುಂದೆ ನಿಂತು ಕೆಲಸ ಕಲಿತು ಮೇಲೆ ಬಂದವರು. ನವೆಂಬರಿನಲ್ಲಿ ಕಾರ್ಖಾನೆಯ ಅಂಗಳದಲ್ಲಿ ಬಾವುಟ ಏರಿಸಿ ಎಲ್ಲರಿಗೂ ಮೈಸೂರು ಪಾಕು ಹಂಚುವವರು ಅವರೇ. ಮಾತಿನಲ್ಲಿ ಸಾಧ್ಯವಾದಷ್ಟೂ ಕನ್ನಡ ಬಳಸಬೇಕೆಂದು ಅವರ ಹಟ. ಬೇರೆಯವರೆಲ್ಲ “ಆಕ್ಸೆಸ್ ಓಪನ್ ಮಾಡಿ” ಎಂದರೆ ಅವರು “ಆಕ್ಸೆಸ್ ತೆಗೀರಿ” ಎನ್ನುತ್ತಿದ್ದರು. ಬೇರೆಯವರೆಲ್ಲ “ಡಿಲೀಟ್ ಮಾಡಿ” ಎಂದರೆ ಅವರು ಅದಕ್ಕೂ “ತೆಗೀರಿ” ಎನ್ನುತ್ತಿದ್ದರು. ತಪ್ಪೇನಿಲ್ಲ, ಕನ್ನಡದಲ್ಲಿ ಬಾಗಿಲು ತೆಗೆಯುವುದೂ ತೆಗೆಯುವುದೇ, ಚಪ್ಪಲಿ ತೆಗೆಯುವುದೂ ತೆಗೆಯುವುದೇ. ಬ್ಯಾಂಕಿನಲ್ಲಿ ಖಾತೆ ತೆಗೆಯುತ್ತೇವೆ, ಅಕ್ಕಿಯಿಂದ ಕಲ್ಲು ತೆಗೆಯುತ್ತೇವೆ. ಯಾರೂ ಗೊಂದಲ ಮಾಡಿಕೊಳ್ಳುವುದಿಲ್ಲ, ಯಾಕೆಂದರೆ ಬಾಗಿಲು ಯಾವುದು ಕಲ್ಲು ಯಾವುದು ಎಂದು ಎದುರಿಗೇ ಕಾಣುತ್ತಿರುತ್ತದೆ.

ಲಿಖಿತವಾಗಿ ಮೇಲ್ ಬರದೆ ಏನನ್ನೂ ಮಾಡಕೂಡದು ಎಂಬ ನಿಯಮವೂ ಇತ್ತು. ಎಲ್ಲರೂ ಪಾಲಿಸುತ್ತಿದ್ದರು: ಮೊದಲು ಫೋನಿನಲ್ಲಿ ಹೇಳುವುದು, ಆಮೇಲೆ “ಮಾತಾಡಿದಂತೆ ದಯವಿಟ್ಟು ಮಾಡಿ” ಎಂದು ಇಂಗ್ಲಿಷಿನಲ್ಲಿ ಒಂದು ಸಾಲು ಕಳಿಸುವುದು. ಅಂಥ ಮೇಲನ್ನು ತಪಾಸಣೆಗೆ ಬಂದವರಿಗೆ ತೋರಿಸಿದರೆ ಅವರೂ ತಲೆಯಾಡಿಸುತ್ತಿದ್ದರು.

ಡಿಸ್ಪ್ಯಾಚ್ ವಿಭಾಗದಲ್ಲಿ ಒಬ್ಬ ಹೆಂಗಸು ಕೆಲಸ ಮಾಡುತ್ತಿದ್ದರು. ಹೆಬ್ಬಗೋಡಿಯ ಮೂಲದವರು, ಒಕ್ಕಲು ಮನೆತನ. ಹೊಲವಿದ್ದ ಜಾಗದಲ್ಲಿ ಈಗ ಅವರದೇ ಮೂರಂತಸ್ತಿನ ಕಟ್ಟಡ ಇದೆ. ಕೆಳಗೆ ಅವರಿರುತ್ತಾರೆ, ಮೇಲೆಲ್ಲ ಬಾಡಿಗೆ. ಬಾಡಿಗೆಗಿರುವವರಲ್ಲಿ ನಮ್ಮ ಕಾರ್ಖಾನೆಯವರೇ ಹಲವರು. ದುಡ್ಡಿಗಾಗಿ ದುಡಿಯಬೇಕಾದ ಅಗತ್ಯ ಅವರಿಗಿರಲಿಲ್ಲ, ಮತ್ತು ಅದೇ ಅವರಿಗೆ ಕಷ್ಟವಾಗಿತ್ತು. “ಮನೇಲಿ ಏನ್ ಕಮ್ಮಿಯಾಗಿದೆ ಅಂತ ಇನ್ನೊಬ್ರ ಕೈ ಕೆಳಗೆ ಹೋಗ್ತೀಯ?” ಎಂಬುದು ಅತ್ತೆಯ ಮಾತು. ಗಂಡ ನೀರಿನ ಟ್ಯಾಂಕರ್ ಓಡಿಸುತ್ತಿದ್ದವರು, ನಡುವೆ ಸಿಕ್ಕಿಕೊಂಡು ಒಂದು ರಾಜಿ ಮಾಡಿದ್ದರು: ಹೋಗು, ಆದರೆ ಯಾರಾದರೂ ಒಂದು ಮಾತು ಅಂದ ದಿನವೇ ಬಿಟ್ಟು ಬರಬೇಕು. ಇದನ್ನು ಅವರೇ ನನಗೆ ಕ್ಯಾಂಟೀನಿನಲ್ಲಿ ಹೇಳಿದ್ದರು, ನಗುತ್ತಾ. “ಅದಕ್ಕೇ ಮೇಡಂ, ಇಲ್ಲಿ ಯಾರು ಏನಂದ್ರೂ ನಾನು ಮನೇಲಿ ಹೇಳಲ್ಲ.”

ಅವರ ಲಾಗಿನ್ನಿನಲ್ಲಿ ಡಿಸ್ಪ್ಯಾಚ್ ಬಿಲ್ಲು ಬರೆಯಲು ಮಾತ್ರ ಹಕ್ಕಿತ್ತು. ಒಪ್ಪಿಗೆ ಕೊಡುವುದು ಸೂಪರ್‌ವೈಸರ್. ಆ ಸೂಪರ್‌ವೈಸರ್ ಸೀಟಿನಲ್ಲಿ ಕೂತದ್ದನ್ನು ನೋಡಿದವರು ಕಮ್ಮಿ. ತನ್ನ ಪಾಸ್‌ವರ್ಡನ್ನು ಎಲ್ಲರಿಗೂ ಹೇಳಿಬಿಟ್ಟು ಓಡಾಡಿಕೊಂಡಿರುತ್ತಿದ್ದ. ಬೇಕಾದವರು ಅವನ ಹೆಸರಿನಲ್ಲಿ ಒಪ್ಪಿಗೆಯ ಗುಂಡಿ ಒತ್ತುತ್ತಿದ್ದರು. ಈ ಹೆಂಗಸು ಮಾತ್ರ ಒತ್ತುತ್ತಿರಲಿಲ್ಲ. ಒಂದು ಮಧ್ಯಾಹ್ನ ಲೋಡು ತುಂಬಿದ ಲಾರಿ ಅಂಗಳದಲ್ಲಿ ನಿಂತೇ ಇತ್ತು, ಸೂಪರ್‌ವೈಸರ್ ಬೊಮ್ಮನಹಳ್ಳಿಯಲ್ಲೆಲ್ಲೋ ಇದ್ದ. ಫೋನಿನಲ್ಲೇ, ನನ್ನ ಪಾಸ್‌ವರ್ಡ್ ಹಾಕಿ ಕಳಿಸಿ ಎಂದ. ಇವರು, “ನಿಮ್ಮ ಹೆಸರಲ್ಲಿ ನಾನ್ಯಾಕೆ ಒಪ್ಗೆ ಕೊಡ್ಲಿ? ನಾಳೆ ಏನಾದ್ರೂ ಹೆಚ್ಚುಕಮ್ಮಿ ಆದ್ರೆ ಯಾರು ಅಂತ ಹೇಳೋದು? ಕೊಡೋ ಹಂಗಿದ್ರೆ ನನ್ನ ಹೆಸರಲ್ಲೇ ಕೊಡ್ಸಿ” ಎಂದರು. ಅವನು ವಾಪಸ್ ಬಂದ ಮೇಲೆ ಅಂಗಳದಲ್ಲೇ ಇಬ್ಬರಿಗೂ ಮಾತಿಗೆ ಮಾತು ಬೆಳೆಯಿತು. ಲಾರಿ ಡ್ರೈವರ್, ಹಮಾಲಿಗಳು, ಪ್ಯಾಕಿಂಗಿನ ಹುಡುಗಿಯರು ಎಲ್ಲ ನಿಂತು ನೋಡಿದರು. ಅರ್ಧ ಗಂಟೆಯೊಳಗೆ ಸುದ್ದಿ ನನ್ನ ಟೇಬಲ್ಲಿಗೂ ಬಂತು. ಆಯಮ್ಮನ ಕಥೆ ಮುಗೀತು ಎಂದು ಒಬ್ಬರು, ಮ್ಯಾನೇಜರ್ ಕೆಂಡವಾಗಿದ್ದಾರೆ ಎಂದು ಇನ್ನೊಬ್ಬರು.

ಸಂಜೆ ನಾನು ಬ್ಯಾಗು ಎತ್ತಿಕೊಳ್ಳುವ ಹೊತ್ತಿಗೆ ಮ್ಯಾನೇಜರ ಫೋನು ಬಂತು.

“ಮೇಡಂ, ಡಿಸ್ಪ್ಯಾಚ್ ಮೇಡಂದು ಆಕ್ಸೆಸ್ ತೆಗೀರಿ.”

ನಾನು ಬ್ಯಾಗು ವಾಪಸ್ ಕೆಳಗಿಟ್ಟೆ. “ಇವತ್ತೇ ತೆಗೀಬೇಕಾ ಸಾರ್?” ಎಂದೆ.

“ಇವತ್ತೇ. ಬೆಳಿಗ್ಗೆ ಅವರು ಬರೋ ಅಷ್ಟರಲ್ಲಿ ಆಗಿರ್ಬೇಕು.”

“ಪೂರ್ತಿ ತೆಗೀಲಾ?”

“ಪೂರ್ತಿನೇ ತೆಗೀರಿ. ಅರ್ಧಂಬರ್ಧ ಬೇಡ.”

ನಾನು ಸುಮ್ಮನೆ ಒಪ್ಪಿಕೊಂಡವಳಲ್ಲ. “ಸಾರ್, ಇನ್ನೊಂದ್ಸಲ ಯೋಚ್ನೆ ಮಾಡಿ” ಎಂದೂ ಹೇಳಿದೆ. ಅದಕ್ಕವರು, “ಯೋಚ್ನೆ ಮಾಡೇ ಹೇಳ್ತಿರೋದು ಕಣ್ರೀ. ನಾವು ಯಾವತ್ತೋ ತೆಗೀಬೇಕಿತ್ತು” ಎಂದರು. ಬೆನ್ನಿಗೇ ಮೇಲ್ ಬಂತು, ಮಾತಾಡಿದಂತೆ ದಯವಿಟ್ಟು ಮಾಡಿ.

ನಾನು ಗುಂಡಿ ಒತ್ತಿದೆ. ಮನೆಗೆ ಹೋಗುವ ದಾರಿಯುದ್ದಕ್ಕೂ ಮ್ಯಾನೇಜರನ್ನು ಮನಸ್ಸಿನಲ್ಲೇ ಬೈದೆ. ಬಾವುಟ ಹಾರಿಸಿ ಭಾಷಣ ಮಾಡುತ್ತಾರೆ, ನ್ಯಾಯ ಕೇಳಿದ ಹೆಂಗಸಿನ ಅನ್ನ ಕಿತ್ತುಕೊಳ್ಳುತ್ತಾರೆ ಎಂದು ಗಂಡನ ಹತ್ತಿರವೂ ಹೇಳಿಕೊಂಡು ಕೂಗಾಡಿದೆ. ಅವರು ಜೋಳದ ರೊಟ್ಟಿ ಮುರಿಯುತ್ತಾ, ಹಾಗಿದ್ದರೆ ನೀನು ಯಾಕೆ ಒತ್ತಿದೆ ಎಂದು ಕೇಳಿದರು. ನನ್ನ ಕೆಲಸ ಒತ್ತುವುದು ಎಂದೆ.

ಮರುದಿನ ಬೆಳಿಗ್ಗೆ ಡಿಸ್ಪ್ಯಾಚಿನ ಆ ಹೆಂಗಸು ಎಂದಿನಂತೆ ಶಿಫ್ಟಿನ ಗುಂಪಿನ ಜೊತೆ ಗೇಟಿಗೆ ಬಂದಿದ್ದಾರೆ. ಕಾರ್ಡು ತೋರಿಸಿದರೆ ಕೆಂಪು. ಮತ್ತೊಮ್ಮೆ ತೋರಿಸಿದರೂ ಕೆಂಪು. ಗೇಟಿನಲ್ಲಿದ್ದ ಸೆಕ್ಯುರಿಟಿ ರಾಯಚೂರು ಕಡೆಯವನು, ಅವರ ಕಟ್ಟಡದ ಎರಡನೇ ಮಹಡಿಯಲ್ಲೇ ಬಾಡಿಗೆಗಿರುವವನು. ತನ್ನ ಮನೆ ಓನರನ್ನೇ ತಡೆದು ನಿಲ್ಲಿಸಬೇಕಾಯಿತು. “ಅಕ್ಕಾರ, ಕೆಂಪ್ ತೋರ್ಸಾಕತ್ತೈತ್ರಿ. ಕಾರ್ಡ್ ಇಸ್ಕೋರಿ ಅಂತ ಬಂದೈತಿ. ನಂದೇನಿಲ್ರಿ” ಎಂದನಂತೆ. ಅವರು ಕಾರ್ಡನ್ನು ಕೊರಳಿಂದ ಬಿಚ್ಚಿ ಅವನ ಕೈಗೆ ಕೊಟ್ಟು, ಊಟದ ಬ್ಯಾಗು ಹಿಡಿದುಕೊಂಡು, ಒಳಗೆ ಹೋಗುತ್ತಿದ್ದ ತಮ್ಮ ಬಾಡಿಗೆದಾರರ ಮಧ್ಯೆಯೇ ವಾಪಸ್ ನಡೆದು ಹೋದರಂತೆ. ಇದನ್ನೆಲ್ಲ ಅವನೇ ಆಮೇಲೆ ನನಗೆ ಹೇಳಿದ್ದು.

ನಾನು ಆಫೀಸಿಗೆ ಬಂದು ಕೂರುವಷ್ಟರಲ್ಲಿ ಮ್ಯಾನೇಜರ ಫೋನು.

“ಏನ್ ಮೇಡಂ, ನಿನ್ನೆ ತೆಗೀರಿ ಅಂದಿದ್ನಲ್ಲ, ತೆಗ್ದಿಲ್ವಾ?”

“ತೆಗ್ದಿದೀನಲ್ಲ ಸಾರ್, ನಿನ್ನೆನೇ.”

“ತೆಗ್ದಿದ್ರೆ ಅವ್ರು ಯಾಕೆ ಸೀಟಲ್ಲಿಲ್ಲ? ಗೇಟಿಂದ ವಾಪಸ್ ಹೋದ್ರಂತೆ.”

“ತೆಗೆದ್ಮೇಲೆ ಹೆಂಗ್ ಒಳಗೆ ಬರ್ತಾರೆ ಸಾರ್?”

ಅವರು ನಿಧಾನವಾಗಿ, ಶಾಲೆಯ ಮಗುವಿಗೆ ಕೇಳುವ ಹಾಗೆ, “ಮೇಡಂ, ನೀವು ಏನ್ ತೆಗ್ದಿದೀರ?” ಎಂದರು.

ಅವರು ಹೇಳಿದ್ದು ಇಷ್ಟು: ಸೂಪರ್‌ವೈಸರ್ ಮಾಡುತ್ತಿದ್ದದ್ದು ತಪ್ಪು, ಆಯಮ್ಮ ಹೇಳಿದ್ದು ಸರಿ, ಆದ್ದರಿಂದ ಒಪ್ಪಿಗೆ ಕೊಡುವ ಹಕ್ಕನ್ನು ಅವರ ಹೆಸರಿನಲ್ಲೇ ತೆರೆಯಬೇಕು, ಪೂರ್ತಿಯಾಗಿ, ಬೆಳಿಗ್ಗೆ ಅವರು ಬರುವಷ್ಟರಲ್ಲಿ. ಬಿಲ್ಲು ಬರೆಯುವ ಕೆಲಸವನ್ನು ಇನ್ನೊಬ್ಬರಿಗೆ ಕೊಡುವುದು ಎಂದೂ ತೀರ್ಮಾನಿಸಿದ್ದರು. ಅದು ಬಡ್ತಿ. ನಾನು ಅದನ್ನು ವಜಾ ಆಗಿಸಿದ್ದೆ.

ಆ ಹೆಂಗಸಿನ ಲಾಗಿನ್ನನ್ನು ವಾಪಸ್ ಜೀವಂತ ಮಾಡಲು ನನಗೆ ಒಂದು ಕಾಫಿ ಕುಡಿಯುವಷ್ಟು ಹೊತ್ತೂ ಬೇಕಾಗಲಿಲ್ಲ. ಕಾರ್ಡು ಹಸಿರಾಯಿತು, ಕೂಪನ್ ಬಂತು, ಹೊಸ ಹಕ್ಕೂ ಸೇರಿತು. ಆದರೆ ಅವರು ಫೋನು ಎತ್ತಲಿಲ್ಲ. ಮ್ಯಾನೇಜರೂ ಮಾಡಿದರು, ಎತ್ತಲಿಲ್ಲ. ಗಂಡ ಸಂಜೆ ಟ್ಯಾಂಕರ್ ನಿಲ್ಲಿಸಿ ಮನೆಗೆ ಬಂದರೆ ಆ ರಾಜಿಯ ಮಾತು ಏಳುತ್ತದೆ, ಒಂದು ಸಲ ಬಿಟ್ಟರೆ ಈ ಹೆಂಗಸನ್ನು ಮತ್ತೆ ಯಾವ ಕೆಲಸಕ್ಕೂ ಆ ಮನೆಯಿಂದ ಹೊರಗೆ ಕಳಿಸುವುದಿಲ್ಲ ಎಂದು ನನಗೆ ಗೊತ್ತಿತ್ತು. ಅದನ್ನು ಮ್ಯಾನೇಜರಿಗೆ ಹೇಳಿದೆ. ಅವರು ಕಾರಿನ ಕೀ ತೆಗೆದುಕೊಂಡರು.

ಹೊಸೂರು ರಸ್ತೆಯ ಟ್ರಾಫಿಕ್ಕಿನಲ್ಲಿ ಕೂತು ನಾವಿಬ್ಬರೂ ಚೆನ್ನಾಗಿ ಜಗಳವಾಡಿದೆವು. ಅವರು, “ಅಷ್ಟು ಓದಿದೀರ, ಒಂದು ಮಾತು ಕೇಳೋದಲ್ವಾ?” ಎಂದರು. ನಾನು, ಒಂದಲ್ಲ, ಮತ್ತೆ ಮತ್ತೆ ಕೇಳಿದೆ, ನೀವು ಪ್ರತಿ ಸಲವೂ ಅದೇ ಪದ ಹೇಳಿದಿರಿ ಎಂದೆ. “ಕೆಲಸದಿಂದ ತೆಗೀಬೇಕಾದ್ರೆ ನಾನು ಎಚ್ಚಾರ್‌ಗೆ ಹೇಳ್ತೀನಿ, ನಿಮಗ್ಯಾಕೆ ಹೇಳ್ಲಿ?” ಎಂದರು. ಹೋದ ವರ್ಷ ಪೇಂಟ್ ಶಾಪಿನವರನ್ನು ತೆಗೆಯುವಾಗ ಮೊದಲು ಹೇಳಿದ್ದು ನನಗೇ ಎಂದು ನೆನಪಿಸಿದೆ. ಅವರು ಹಾರ್ನ್ ಹೊಡೆದರು. ಈ ವಿಷಯದಲ್ಲಿ ತಪ್ಪು ನನ್ನದು ಎಂದು ನಾನು ಒಪ್ಪಲು ತಯಾರಿರಲಿಲ್ಲ. ಕೇಳಿದ್ದೇನೆ, ಮೇಲ್ ಇದೆ, ಇನ್ನೇನು ಮಾಡಬೇಕಿತ್ತು ಎಂಬುದೊಂದೇ ನನ್ನ ವಾದ.

ಹೆಬ್ಬಗೋಡಿಯಲ್ಲಿ ಆ ಹೆಂಗಸಿನ ಮನೆಯ ಬಾಗಿಲು ತೆರೆದೇ ಇತ್ತು. ನಡುಮನೆಯಲ್ಲಿ ಅತ್ತೆ ಸೊಸೆ ಇಬ್ಬರೂ ಪೇಪರ್ ಹಾಸಿಕೊಂಡು ಅವರೆಕಾಯಿ ಬಿಡಿಸುತ್ತಿದ್ದರು. ನಮ್ಮನ್ನು ನೋಡಿ ಸೊಸೆ ಎದ್ದು ನಿಂತರು, ಕೂತುಕೊಳ್ಳಿ ಎಂದರು, ನೀರು ತಂದುಕೊಟ್ಟರು. ಮುಖ ಮಾತ್ರ ಗೋಡೆಯ ಹಾಗಿತ್ತು.

ಮ್ಯಾನೇಜರ್ ಬಾಯಿ ತೆರೆಯುವ ಮೊದಲೇ ಅತ್ತೆ ಶುರು ಮಾಡಿದರು. “ಬಂದ್ರಾ, ಬನ್ನಿ ಸ್ವಾಮಿ. ಒಳ್ಳೇದೇ ಮಾಡಿದ್ರಿ. ನಾನ್ ಏಳಿದ್ರೆ ಕೇಳ್ತಿರ್ಲಿಲ್ಲ, ಈಗ ನೀವೇ ಕಳ್ಸಿದ್ರಲ್ಲ. ಬಾಡ್ಗೆ ಬತ್ತದೆ, ಉಣ್ಣಾಕೈತೆ, ಸುಮ್ಕೆ ಮನೇಲಿರ್ಲಿ ಬುಡಿ.”

“ಅಯ್ಯೋ ಕಳ್ಸಿಲ್ಲಮ್ಮ, ನಾವು ಕಳ್ಸೇ ಇಲ್ಲ” ಎಂದು ಮ್ಯಾನೇಜರ್ ವಿವರಿಸತೊಡಗಿದರು. ಬಾಗಿಲಿನ ಉದಾಹರಣೆ ಕೊಟ್ಟರು, ಅಂಗಡಿಯ ಉದಾಹರಣೆ ಕೊಟ್ಟರು. ನಾನು ಮಧ್ಯೆ ಬಾಯಿ ಹಾಕಿದೆ, ಅವರು ತಪ್ಪನ್ನು ನನ್ನ ಮೇಲೆ ಹಾಕಿದರು, ನಾನು ವಾಪಸ್ ಅವರ ಮೇಲೆ ಹಾಕಿದೆ. ಕಾರಿನಲ್ಲಿ ಆಡಿದ ಜಗಳವನ್ನು ಪೂರ್ತಿ ಅವರ ನಡುಮನೆಯಲ್ಲಿ ಇನ್ನೊಮ್ಮೆ ಆಡಿದೆವು. ಅತ್ತೆ ಅವರೆಕಾಯಿ ಕೈಯಲ್ಲಿ ಹಿಡಿದುಕೊಂಡು ಇಬ್ಬರನ್ನೂ ನೋಡಿ, “ಅಲ್ಲಾ ಕಣಮ್ಮ, ತೆಗಿ ಅಂದ್ರೆ ಯಾವ್ದನ್ನ ಅಂತ ಗೊತ್ತಾಗಾಕಿಲ್ವಾ? ನಾನು ಮಡ್ಕೆ ತೆಗಿ ಅಂದ್ರೆ ಇವ್ಳು ತೆಗೀತಾಳಲ್ಲ ಸರ್ಯಾಗಿ” ಎಂದು ನಕ್ಕುಬಿಟ್ಟರು. ಆ ನಗುವಿನಿಂದ ನನಗೆ ಸ್ವಲ್ಪ ಧೈರ್ಯ ಬಂತು. ಸೊಸೆ ನಗಲಿಲ್ಲ.

“ಸಾರ್,” ಎಂದರು ಕೊನೆಗೆ, “ಗೇಟಲ್ಲಿ ಎಲ್ರ ಮುಂದೆ ಕಾರ್ಡ್ ಬಿಚ್ಕೊಟ್ಟು ಬಂದಿದೀನಿ. ಮೇಲಿನ್ ಮನೆಯವ್ರೆಲ್ಲ ನೋಡಿದಾರೆ. ಈಗ ನೀವು ಬಂದು ಹಿಂಗಲ್ಲ ಹಂಗೆ ಅಂದ್ರೆ ನಂಗೆ ಗೊತ್ತಾಯ್ತು. ಅವ್ರಿಗೆ ಹೆಂಗ್ ಗೊತ್ತಾಗುತ್ತೆ? ನಾಳೆ ಬೆಳಿಗ್ಗೆ ಶಿಫ್ಟ್ ಟೈಮಿಗೆ ನೀವಿಬ್ರೂ ಗೇಟ್ ಹತ್ರ ಬನ್ನಿ. ಎಲ್ರ ಮುಂದೆ ನನ್ನ ಒಳಗೆ ಕರ್ಕೊಂಡ್ ಹೋಗಿ. ಆಗ ಬರ್ತೀನಿ.”

ಮ್ಯಾನೇಜರ್ ತಕ್ಷಣ ಆಯಿತೆಂದರು. ಅತ್ತೆಯ ನಗು ನಿಂತಿತ್ತು. ಅವರು ಏನೋ ಹೇಳಲು ಹೊರಟವರು, ಮನೆಗೆ ಬಂದ ದೊಡ್ಡ ಮನುಷ್ಯರು ಕೈ ಮುಗಿದದ್ದನ್ನು ನೋಡಿ, “ನನ್ ಮಗಂಗೆ ನೀವೇ ಒಂದ್ ಮಾತು ಏಳ್ಬುಡಿ ಸ್ವಾಮಿ” ಎಂದಷ್ಟೇ ಅಂದರು. ಮ್ಯಾನೇಜರ್ ಅಲ್ಲಿಂದಲೇ ಗಂಡನಿಗೆ ಫೋನು ಮಾಡಿ ಮಾತಾಡಿದರು. ಟ್ಯಾಂಕರಿನ ಮೋಟಾರು ಸದ್ದಿನಲ್ಲಿ ಆ ಮನುಷ್ಯನಿಗೆ ಎಷ್ಟು ಕೇಳಿಸಿತೋ ಗೊತ್ತಿಲ್ಲ. ಸರಿ ಸಾರ್ ಸರಿ ಸಾರ್ ಎನ್ನುತ್ತಿದ್ದದ್ದು ನಮಗೆ ಕೇಳಿಸಿತು. ಹೊರಡುವಾಗ ಅತ್ತೆ ನನಗೆ ಒಂದು ಕವರಿನಲ್ಲಿ ಅವರೆಕಾಳು ಕೊಟ್ಟರು. ಬೇಡ ಎನ್ನುವ ಧೈರ್ಯ ನನಗೆ ಬರಲಿಲ್ಲ.

ಮರುದಿನ ಗೇಟಿನಲ್ಲಿ ಹೆಚ್ಚೇನೂ ನಡೆಯಲಿಲ್ಲ. ಮ್ಯಾನೇಜರ್ ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿಕೊಂಡು ಬಂದಿದ್ದರು. ಸೆಕ್ಯುರಿಟಿಯವನು ಕಾರ್ಡನ್ನು ಎರಡೂ ಕೈಯಲ್ಲಿ ಕೊಟ್ಟ. ಹಸಿರು ಬಂತು. ಮ್ಯಾನೇಜರ್ ಸುತ್ತ ನಿಂತವರಿಗೆ ಕೇಳುವ ಹಾಗೆ, “ಇವತ್ತಿಂದ ಲೋಡ್ ಬಿಡೋದು ಇವ್ರ ಒಪ್ಗೆ ಮೇಲೆ” ಎಂದರು. ನಾನು ಅವರ ಪಕ್ಕದಲ್ಲಿ ನಡೆದೆ. ಮೊದಲ ಮಹಡಿಯವರೂ ಎರಡನೇ ಮಹಡಿಯವರೂ ನೋಡಿದರು. ಸೂಪರ್‌ವೈಸರ್ ಆ ಹೊತ್ತಿಗೆ ಬಂದಿರಲಿಲ್ಲ, ಎಂದಿನಂತೆ.

ಹೊಸ ಹಕ್ಕನ್ನು ತೋರಿಸಿಕೊಡಲು ಅವರನ್ನು ನನ್ನ ಟೇಬಲ್ಲಿಗೆ ಕರೆದುಕೊಂಡು ಬಂದೆ. ಎಲ್ಲಿ ಒತ್ತಬೇಕು, ಒತ್ತಿದ ಮೇಲೆ ಹೆಸರು ಎಲ್ಲಿ ಬರುತ್ತದೆ ಎಂದೆಲ್ಲ ಹೇಳಿದೆ. ಅವರು ಗಮನವಿಟ್ಟು ನೋಡಿದರು. ನಾನು ಇಂಥ ಅನಾಹುತ ಇನ್ನಾಗದ ಹಾಗೆ ಹೊಸ ನಿಯಮ ಮಾಡುತ್ತಿದ್ದೇನೆ, ಇನ್ನು ಯಾರೂ ‘ತೆಗೀರಿ’ ಎನ್ನುವಂತಿಲ್ಲ, ‘ಕೊಡಿ’ ಇಲ್ಲವೇ ‘ಮುಚ್ಚಿ’ ಎನ್ನಬೇಕು ಎಂದು ಸ್ವಲ್ಪ ಜಂಬದಿಂದಲೇ ಹೇಳಿದೆ. ಎಲ್ಲ ಆ ಒಂದು ಪದದಿಂದ ಆದದ್ದು ನೋಡಿ ಎಂದೆ.

ಅವರು ಪರದೆಯಿಂದ ಕಣ್ಣು ತೆಗೆದು ನನ್ನನ್ನು ನೋಡಿದರು. ಸಿಟ್ಟಿರಲಿಲ್ಲ. ನಿಜವಾಗಿ ತಿಳಿದುಕೊಳ್ಳಬೇಕೆಂದೇ ಕೇಳಿದ ಹಾಗಿತ್ತು.

“ಮೇಡಂ, ಅವತ್ತು ಸಾರ್ ಫೋನ್ ಮಾಡಿ ನನ್ನ ಬದ್ಲು ‘ಸೂಪರ್‌ವೈಸರ್‌ದು ತೆಗೀರಿ’ ಅಂದಿದ್ರೆ? ನೀವು ಏನಂತ ತಿಳ್ಕೊಂತಿದ್ರಿ?”

ಅದೇ ಜಗಳ, ಅದೇ ಸಂಜೆ, ಅದೇ ಪದ. ಉತ್ತರ ಹುಡುಕಬೇಕಾಗಿರಲಿಲ್ಲ, ನಾಲಿಗೆಯ ತುದಿಯಲ್ಲೇ ಇತ್ತು. ಅದನ್ನು ನುಂಗಬೇಕೆನ್ನಿಸಿತು. ನಾಚಿಕೆಯಾಯಿತು, ಆದರೂ ಅವರ ಎದುರು ಇನ್ನೊಂದು ಸುಳ್ಳು ಸೇರಿಸಲು ಮನಸ್ಸು ಬರಲಿಲ್ಲ.

“ಇನ್ನೂ ಏನ್ ಬೇಕಂತೆ ಅವ್ರಿಗೆ, ಯಾವುದು ಓಪನ್ ಮಾಡ್ಲಿ ಸಾರ್ ಅಂತ ಕೇಳ್ತಿದ್ದೆ” ಎಂದೆ.

ಅವರು ತಲೆಯಾಡಿಸಿದರು.

“ನಾನೂ ಹಂಗೇ ತಿಳ್ಕೊಂತಿದ್ದೆ ಮೇಡಂ,” ಎಂದರು. “ಕಾರ್ಡ್ ಕೆಂಪಾದಾಗ ನನ್ನ ಕೆಲ್ಸದಿಂದ ತೆಗ್ದ್ರು ಅಂತ್ಲೇ ಅಂದ್ಕೊಂಡೆ. ಮಿಷಿನ್ ಕೆಟ್ಟಿರ್ಬೋದು ಅಂತ ನಂಗೂ ಒಂದ್ ಸಲನೂ ಅನ್ನಿಸ್ಲಿಲ್ಲ.”